ಸೈನ್ಯದಲ್ಲಿ ಸ್ತ್ರೀಯರು: ದೇಹಬಲದ ಅಳತೆ ಹೇಗಿರಬೇಕು?

ಕಳೆದ ತಿಂಗಳು ಒಂದು ಸಾಯಂಕಾಲ ನಮ್ಮ ಕಾರ್ಯಾಲಯದ ಮೆಟ್ಟಲನ್ನೇರಿ ಗೃಹಸ್ಥರೊಬ್ಬರು ಬಂದರು. ಒಂದು ಕಾಲದಲ್ಲಿ ಅವರು ನಮ್ಮ ಹೋಟೆಲಿನಲ್ಲಿಯೇ ಸಪ್ಲಾಯರ್ ಆಗಿದ್ದವರು. ಈಗ ಈ ಪುಣೆಯ ಇನ್ನೊಂದು ಉಪಾಹಾರಗೃಹದಲ್ಲಿ ಗಲ್ಲೆಯ ಮೇಲೆ ಕುಳಿತುಕೊಳ್ಳುತ್ತಾರೆ. ನಾವು ಹೋಟೆಲಿನ ಉದ್ಯಮಕ್ಕೆ ಕೈಮುಗಿದು ಪತ್ರಿಕೆಯ ಕೆಲಸಕ್ಕೆ ತೊಡಗಿ ಕೆಲವು ವರ್ಷಗಳೇ ಸಂದಿದ್ದರೂ ಅವರು ನಮ್ಮನ್ನು ಇಂದಿಗೂ ‘ಧಣಿಗಳೇ’ ಎಂದೇ ಸಂಬೋಧಿಸುವುದು. ಪತ್ರಿಕೆ ನಡೆಸುವವನಿಗೆ ಧಣಿತನವೆಲ್ಲಿಯದು ಎಂದು ಎಷ್ಟು ಸಾರಿ ಹೇಳಿದರೂ ಕೇಳಿದವರಲ್ಲ. ಅವರ ಹಿಂದೆ ಅವರ ಮಗಳೂ ಬಂದಿದ್ದಳು. ಹನ್ನೆರಡನೆಯ ತರಗತಿಯಲ್ಲಿ ಓದುತ್ತಿರುವ ಹುಡುಗಿ. ಖಡಕ್‌ವಾಸ್ಲೆಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶ ಪರೀಕ್ಷೆಗೆ ಕುಳಿತುಕೊಳ್ಳಬೇಕೆಂಬುದು ಆಕೆಯ ಹಂಬಲ.

“ಧಣಿಗಳೇ, ಹೆಣ್ಣುಮಕ್ಕಳಿಗೆ ಅಲ್ಲಿ ರಿಯಾಯಿತಿ ಉಂಟಂತೆ,” ಎಂದರು ತಂದೆ. “ಓಡುವುದಾಗಲಿ, ಎತ್ತುವುದಾಗಲಿ, ಗಂಡುಹುಡುಗರಿಗಿಂತ ಕಡಮೆ ಸಾಕಂತೆ. ಹಾಗೆ ಒಳಗೆ ಹೋದವಳಿಗೆ ನಾಳೆ ನಾಲ್ಕು ಜನರ ಮುಂದೆ ಮರ್ಯಾದೆ ಉಂಟೇ? ನಮ್ಮ ಹೋಟೆಲಿನಲ್ಲಿ ಎಲ್ಲರೂ ಇದನ್ನೇ ಕೇಳುತ್ತಾರೆ.”

ಹುಡುಗಿಗೆ ಈ ಮಾತು ಹಿಡಿಸಲಿಲ್ಲವೆಂಬುದು ಮುಖದಲ್ಲಿಯೇ ಕಾಣುತ್ತಿತ್ತು. “ಮಾಮ, ನನಗೆ ರಿಯಾಯಿತಿ ಬೇಡ. ಆದರೆ ಅಳತೆ ಯಾವುದು, ಅದು ಯಾತಕ್ಕಾಗಿ ಎಂಬುದನ್ನಾದರೂ ಯಾರಾದರೂ ಹೇಳಬೇಕಲ್ಲ?” ಎಂದಳು.

ನಾವು ಎಸ್.ಎಸ್.ಎಲ್.ಸಿ.ಯ ಆಚೆಗೆ ಕಾಲಿಟ್ಟವರಲ್ಲ. ಸೈನ್ಯದ ವಿಷಯವಂತೂ ನಮಗೆ ಪರೇಡನ್ನು ದೂರದಿಂದ ನೋಡಿದಷ್ಟೇ ಗೊತ್ತು. ಒಂದು ವಾರದ ಅವಧಿಯನ್ನು ಕೇಳಿಕೊಂಡು, ಸಿಕ್ಕಿದ್ದನ್ನು ಓದಿ, ನಿವೃತ್ತ ಸೈನಿಕ ಮಿತ್ರರೊಡನೆ ಚರ್ಚಿಸಿ, ಆ ಹುಡುಗಿಗೆ ಹೇಳಿದ್ದನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ. ಏಕೆಂದರೆ ಇದು ಒಂದು ಮನೆಯ ಪ್ರಶ್ನೆಯಲ್ಲ. ಗಲ್ಲೆಯಲ್ಲಿಯೂ ಗುಮಾಸ್ತೆಯ ಮೇಜಿನಲ್ಲಿಯೂ ದುಡಿಯುವ ನಮ್ಮವರ ಹೆಣ್ಣುಮಕ್ಕಳು ಇಂದು ಕೇಳುತ್ತಿರುವ ಪ್ರಶ್ನೆ ಇದು.

ಸಿಂಹಗಡದ ನೆತ್ತಿಯ ಮೇಲೆ ನಿಂತು ಖಡಕ್‌ವಾಸ್ಲೆಯ ಜಲಾಶಯದತ್ತ ದೃಷ್ಟಿ ಹಾಯಿಸಿದವರಿಗೆ ಅಕಾಡೆಮಿಯ ನೆಲವನ್ನು ಬೇರೆ ಪರಿಚಯಿಸಬೇಕಾಗಿಲ್ಲ. 1949ರ ಅಕ್ಟೋಬರ್ 6ರಂದು ಪಂಡಿತ ನೆಹರೂರವರು ಅಡಿಗಲ್ಲನ್ನಿಟ್ಟರು. 1955ರ ಜನವರಿಯಲ್ಲಿ ಅಕಾಡೆಮಿಯು ದೆಹರಾದೂನಿನಿಂದ ಇಲ್ಲಿಗೆ ಬಂದಿತು. ಅಂದಿನಿಂದ ಅರುವತ್ತೇಳು ವರ್ಷಗಳ ಕಾಲ ಅಲ್ಲಿ ಗಂಡುಹುಡುಗರಿಗೆ ಮಾತ್ರ ಪ್ರವೇಶವಿತ್ತು. 2021ರ ಆಗಸ್ಟ್ 18ರಂದು ಸರ್ವೋಚ್ಚ ನ್ಯಾಯಾಲಯವು ಹೆಣ್ಣುಮಕ್ಕಳೂ ಪ್ರವೇಶ ಪರೀಕ್ಷೆಗೆ ಕುಳಿತುಕೊಳ್ಳಬಹುದೆಂದು ಮಧ್ಯಂತರ ಆಜ್ಞೆಯನ್ನಿತ್ತಿತು. ಆ ನವೆಂಬರಿನ ಪರೀಕ್ಷೆಗೆ ಅರ್ಜಿ ಹಾಕಿದ ಹೆಣ್ಣುಮಕ್ಕಳ ಸಂಖ್ಯೆ 1,77,000ಕ್ಕೂ ಮಿಕ್ಕಿತ್ತೆಂದರೆ ಎಷ್ಟು ಕಾಲದಿಂದ ಈ ಬಾಗಿಲ ಮುಂದೆ ಕಾದಿದ್ದರೆಂಬುದನ್ನು ಊಹಿಸಬಹುದು. ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾದ ಸುಮಾರು 8,000 ಮಂದಿಯಲ್ಲಿ 1,002 ಹೆಣ್ಣುಮಕ್ಕಳಿದ್ದರು. ಇದ್ದ ಸ್ಥಾನಗಳಾದರೋ 400ರಲ್ಲಿ 19. ಅವರು 2022ರ ಆಗಸ್ಟಿನಲ್ಲಿ ಒಳಹೊಕ್ಕರು. 2025ರ ಮೇ 30ರಂದು ಮುನ್ನೂರಕ್ಕೆ ಮಿಕ್ಕಿದ ಹುಡುಗರೊಡನೆ 17 ಮಂದಿ ಹೆಣ್ಣುಮಕ್ಕಳು ಖೇತರ್‌ಪಾಲ್ ಮೈದಾನದಲ್ಲಿ ಹೆಜ್ಜೆ ಹಾಕಿ ಹೊರಬಂದರು. ಮಾಜಿ ಸೇನಾಧಿಪತಿಗಳೂ ಮಿಜೋರಾಮಿನ ರಾಜ್ಯಪಾಲರೂ ಆದ ಜನರಲ್ ವಿ. ಕೆ. ಸಿಂಗ್ ಅವರು ಅಂದು ಗೌರವ ಸ್ವೀಕರಿಸಿದರು.

ಶಿಕ್ಷಣವೆಲ್ಲ ಒಟ್ಟಿಗೇ ನಡೆಯುತ್ತದೆ. ಶರೀರರಚನೆಯ ಭೇದವಿರುವಲ್ಲಿ ಮಾತ್ರ ಅತ್ಯಲ್ಪ ಬದಲಾವಣೆ ಎಂದು ರಕ್ಷಣಾ ಖಾತೆಯವರು ಹೇಳಿದ್ದಾರೆ. ಆ ‘ಅತ್ಯಲ್ಪ’ವೇ ನಮ್ಮ ಮಿತ್ರರ ನಿದ್ದೆಗೆಡಿಸಿದ್ದು.

ಇಲ್ಲಿ ನಮ್ಮ ಹೋಟೆಲಿನ ಎರಡು ಸಂಗತಿಗಳನ್ನು ಹೇಳದೆ ಮುಂದುವರಿಯಲಾರೆವು. ಮೊದಲನೆಯದು ನಮಗೆ ಕೀರ್ತಿ ತರುವಂಥದಲ್ಲ. ಊರಿನಿಂದ ಕೆಲಸ ಕೇಳಿಕೊಂಡು ಬರುವ ಹುಡುಗರಿಗೆ ನಾವು ಒಂದು ಪರೀಕ್ಷೆಯನ್ನಿಟ್ಟಿದ್ದೆವು. ಹಿತ್ತಲಿನ ಉಗ್ರಾಣದಿಂದ 50 ಕಿಲೋ ಅಕ್ಕಿಯ ಚೀಲವನ್ನು ಹೊತ್ತು ಅಡಿಗೆಮನೆಗೆ ತರಬೇಕು. ತಂದವನಿಗೆ ಕೆಲಸ, ತಾರದವನಿಗೆ ಊಟ ಹಾಕಿ ಬಸ್ಸಿನ ಖರ್ಚು. ಕುಂದಾಪುರದ ಕಡೆಯ ಒಬ್ಬ ಸಪೂರ ಹುಡುಗ ಹೀಗೆ ಚೀಲದಡಿ ಕುಸಿದು ಕುಳಿತ. ನಾವು ಕಳುಹಿಸಿಬಿಟ್ಟೆವು. ಆರು ತಿಂಗಳ ತರುವಾಯ ಬೇರೊಂದು ಹೋಟೆಲಿಗೆ ಕಾಫಿಗೆಂದು ಹೋದಾಗ ಅದೇ ಹುಡುಗನು ಮಧ್ಯಾಹ್ನದ ಗರ್ದಿಯಲ್ಲಿ ಒಂದು ತೋಳಿನ ಮೇಲೆ ನಾಲ್ಕು ತಟ್ಟೆಗಳನ್ನು ಜೋಡಿಸಿಕೊಂಡು, ಹನ್ನೊಂದು ಮೇಜುಗಳ ಆರ್ಡರನ್ನು ಬಾಯಲ್ಲಿಟ್ಟುಕೊಂಡು, ಬೆಳಗಿನ ಆರರಿಂದ ರಾತ್ರಿ ಹತ್ತರವರೆಗೆ ದಣಿವಿಲ್ಲದೆ ಓಡಾಡುತ್ತಿರುವುದನ್ನು ಕಂಡೆವು. ನಮ್ಮ ಹೋಟೆಲಿನಲ್ಲಿ ಅಕ್ಕಿಯ ಚೀಲವನ್ನು ಇಳಿಸುತ್ತಿದ್ದುದು ವಾರಕ್ಕೊಮ್ಮೆ, ಅದೂ ಟೆಂಪೋದೊಡನೆ ಬರುವ ಹಮಾಲರು. ಸಪ್ಲಾಯರನು ಮಾಡದ ಕೆಲಸದಿಂದ ನಾವು ಸಪ್ಲಾಯರನನ್ನು ಅಳೆದಿದ್ದೆವು!

ಎರಡನೆಯದು ಇದರ ತದ್ವಿರುದ್ಧ. ಸಾಂಬಾರಿನ ಕೊಪ್ಪರಿಗೆಯನ್ನು ಒಲೆಯಿಂದಿಳಿಸುವುದಕ್ಕೆ ಇಬ್ಬರು ಬೇಕು. ಆ ಬದಿಗೊಬ್ಬ, ಈ ಬದಿಗೊಬ್ಬ, ಕೈಯಲ್ಲಿ ಮಸಿಬಟ್ಟೆ. ಬಂಧುಗಳ ಮಾತಿಗೆ ಕಟ್ಟುಬಿದ್ದು, ತೋಳಿನಲ್ಲಿ ಶಕ್ತಿಯಿಲ್ಲದ ಹುಡುಗನೊಬ್ಬನನ್ನು ನಾವು ಅಡಿಗೆಮನೆಗೆ ಹಾಕಿದ್ದೆವು. ಒಂದು ಬೆಳಿಗ್ಗೆ ಅವನ ಕಡೆಯ ಬಳೆ ಜಾರಿತು. ಕುದಿಯುವ ಸಾಂಬಾರು ಬಿದ್ದದ್ದು ಅವನ ಮೇಲಲ್ಲ, ಎದುರು ನಿಂತಿದ್ದ ಭಟ್ಟರ ಪಾದಗಳ ಮೇಲೆ. ಎರಡು ತಿಂಗಳು ಅವರು ಚಪ್ಪಲಿ ಮೆಟ್ಟಲಾಗಲಿಲ್ಲ. ತಪ್ಪು ಹುಡುಗನದಲ್ಲ, ದಾಕ್ಷಿಣ್ಯಕ್ಕೊಳಗಾದ ನಮ್ಮದು. ಕೊಪ್ಪರಿಗೆಯು ತನ್ನನ್ನು ಎತ್ತುವವನು ಯಾರ ಮಗ ಎಂದು ಕೇಳುವುದಿಲ್ಲ.

ಈ ಎರಡು ಅಳತೆಗಳನ್ನು ಬೇರೆ ಬೇರೆಯಾಗಿ ಕಂಡರೆ ಸೈನ್ಯದ ವಾದವಿವಾದದಲ್ಲಿ ಅರ್ಧ ಹೊಗೆ ತಾನಾಗಿಯೇ ಇಳಿಯುತ್ತದೆ. ಒಬ್ಬ ಅಭ್ಯರ್ಥಿಯ ಆರೋಗ್ಯ, ದಮ್ಮು, ತರಬೇತಿಯನ್ನು ತಾಳಿಕೊಳ್ಳುವ ಯೋಗ್ಯತೆ ಇವುಗಳನ್ನು ಕಂಡುಹಿಡಿಯುವ ಅಳತೆ ಒಂದು. ಗೊತ್ತುಪಡಿಸಿದ ಕೆಲಸವೊಂದನ್ನು ಮಾಡಬಲ್ಲನೇ, ಮಾಡಬಲ್ಲಳೇ ಎಂದು ನೋಡುವ ಅಳತೆ ಇನ್ನೊಂದು. ಮೊದಲನೆಯದು ಶರೀರವನ್ನು ಅನುಸರಿಸಿ ಬದಲಾಗಬಹುದು. ಎರಡನೆಯದು ಬದಲಾಗಕೂಡದು.

ಮೊದಲನೆಯದಕ್ಕೆ ಉದಾಹರಣೆ ನಮ್ಮ ಕನ್ನಡನಾಡಿನಲ್ಲಿಯೇ ಇದೆ. ಭೂಸೇನೆಯು ಸಾಮಾನ್ಯ ಸೈನಿಕರ ದರ್ಜೆಗೆ ಹೆಣ್ಣುಮಕ್ಕಳನ್ನು ಮೊತ್ತಮೊದಲು ಸೇರಿಸಿಕೊಂಡುದು ಮಿಲಿಟರಿ ಪೊಲೀಸ್ ದಳಕ್ಕೆ. ಆ ಭರ್ತಿಯ ಮೇಳ 2019ರ ಆಗಸ್ಟಿನಲ್ಲಿ ನಡೆದುದು ಬೆಳಗಾವಿಯಲ್ಲಿ. ತರಬೇತಿ ನಡೆದುದು ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಲ್ಲಿ, 61 ವಾರಗಳ ಕಾಲ. 2021ರ ಮೇ 8ರಂದು 83 ಮಂದಿ ಪ್ರತಿಜ್ಞೆ ಸ್ವೀಕರಿಸಿದರು. ಕೇಳಿದ ವಿದ್ಯಾರ್ಹತೆಯಾದರೋ ಹತ್ತನೆಯ ತರಗತಿ. ಎಸ್.ಎಸ್.ಎಲ್.ಸಿ.ಯೆಂದರೆ ಮೂಗು ಮುರಿಯುವವರು ಇದನ್ನು ನೆನಪಿಡಬೇಕು! ಓಟದಲ್ಲಿ 1.6 ಕಿಲೋಮೀಟರನ್ನು ಗಂಡಸರು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಮೊದಲನೆಯ ಗುಂಪು. ಹೆಣ್ಣುಮಕ್ಕಳು 7 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಮೊದಲನೆಯ ಗುಂಪು, 8 ನಿಮಿಷದೊಳಗಾದರೆ ಎರಡನೆಯದು. ಉದ್ದ ಜಿಗಿತ ಅವರಿಗೆ 10 ಅಡಿ, ಎತ್ತರ ಜಿಗಿತ 3 ಅಡಿ. ಗಂಡಸರು ಹಾರಬೇಕಾದ ಕಂದಕ 9 ಅಡಿ. ಇಲ್ಲಿ ಹೆಣ್ಣುಮಕ್ಕಳಿಂದ ಒಂದಡಿ ಹೆಚ್ಚನ್ನೇ ಕೇಳಿದ್ದಾರೆಂಬುದನ್ನು ರಿಯಾಯಿತಿಯ ಲೆಕ್ಕ ಹಾಕುವವರು ಗಮನಿಸಿದಂತಿಲ್ಲ.

ಎರಡು ನಿಮಿಷದ ಅಂತರವು ಪಕ್ಷಪಾತವೇ? ಸರಾಸರಿ ಸ್ತ್ರೀಯ ದೇಹದಲ್ಲಿ ಮಾಂಸಖಂಡದ ತೂಕ ಕಡಮೆ, ರಕ್ತದಲ್ಲಿ ಹಿಮೋಗ್ಲೋಬಿನ್ ಕಡಮೆ, ಹೃದಯವೂ ಶ್ವಾಸಕೋಶವೂ ಚಿಕ್ಕವು. ಇದು ವೈದ್ಯರು ಅಳೆದು ಕಂಡ ಸಂಗತಿಯೇ ಹೊರತು ಯಾರನ್ನೂ ಹೀಗಳೆದ ಮಾತಲ್ಲ. ಆದುದರಿಂದ 7 ನಿಮಿಷ 30 ಸೆಕೆಂಡಿನಲ್ಲಿ ಓಡುವ ಹುಡುಗಿಯು ತನ್ನ ದೇಹವನ್ನು ಬಹುಮಟ್ಟಿಗೆ ಪಳಗಿಸಿದವಳೆಂದೇ ಅರ್ಥ. ಅಲ್ಲದೆ, ಗಂಡಸರಿಗೆ ರಿಯಾಯಿತಿಯಿಲ್ಲವೆಂದು ಹೇಳಿದವರು ಯಾರು? ಸೇನೆಯ ಯುದ್ಧಸಾಮರ್ಥ್ಯ ಪರೀಕ್ಷೆಯೊಂದಿದೆ. ಆಯುಧ ಸರಂಜಾಮುಗಳೊಡನೆ 5 ಕಿಲೋಮೀಟರ್ ಓಟ, 60 ಮೀಟರಿನ ವೇಗದ ಓಟ, ಹಗ್ಗವನ್ನು ಹತ್ತುವುದು, ಅಡ್ಡ ಹಗ್ಗದಲ್ಲಿ ಸಾಗುವುದು, ಕಂದಕ ಹಾರುವುದು. ಅದರಲ್ಲಿ ವಯಸ್ಸೇರಿದಂತೆ ಕಾಲಾವಧಿಯು ಸಡಿಲವಾಗುತ್ತ ಹೋಗುತ್ತದೆ. ನಲುವತ್ತು ದಾಟಿದ ಹವಾಲ್ದಾರನು ಇಪ್ಪತ್ತೈದರ ಜವಾನನಷ್ಟು ವೇಗವಾಗಿ ಓಡಬೇಕಾಗಿಲ್ಲ. ಎತ್ತರದ ವಿಷಯವೂ ಹಾಗೆಯೇ: ಪಂಜಾಬಿನ ಜವಾನನಿಂದ 170 ಸೆಂಟಿಮೀಟರ್ ಕೇಳಿದ ಸೈನ್ಯವು ಕರ್ನಾಟಕದವನಿಂದ 166, ಗೂರ್ಖನಿಂದ 157 ಸೆಂಟಿಮೀಟರ್ ಮಾತ್ರ ಕೇಳುತ್ತ ಬಂದಿದೆ. ಗೂರ್ಖನಿಗೆ ರಿಯಾಯಿತಿ ಕೊಟ್ಟು ಮರ್ಯಾದೆ ಕಳೆದರೆಂದು ಅವನೆದುರು ನಿಂತು ಹೇಳುವ ಧೈರ್ಯವುಳ್ಳವರನ್ನು ನಾವಿನ್ನೂ ಕಂಡಿಲ್ಲ.

ಹಾಗೆಂದು ಸಮಾನತೆಯ ಹೆಸರಿನಲ್ಲಿ ತರಬೇತಿಯ ಅಳತೆಯನ್ನೂ ಒಂದೇ ಮಾಡಿಬಿಟ್ಟರೆ ಏನಾದೀತು? ಬ್ರಿಟನ್ನಿನವರು ಅದನ್ನು ಮಾಡಿ ನೋಡಿದ್ದಾರೆ. 1998ರಿಂದ ಅಲ್ಲಿಯ ಭೂಸೇನೆಯಲ್ಲಿ ಗಂಡು ಹೆಣ್ಣುಗಳಿಬ್ಬರಿಗೂ ಒಂದೇ ಬಗೆಯ ಆರಂಭಿಕ ತರಬೇತಿಯನ್ನಿಟ್ಟರು. 2002ರಲ್ಲಿ ಪ್ರಕಟವಾದ ವೈದ್ಯಕೀಯ ಲೇಖನವೊಂದು ಅದರ ಫಲವನ್ನು ಲೆಕ್ಕ ಹಾಕಿತು: ಅತಿಶ್ರಮದಿಂದ ಮೂಳೆ ಕೀಲುಗಳು ಕೆಟ್ಟು ಸೈನ್ಯ ಬಿಡಬೇಕಾಗಿ ಬಂದ ಸ್ತ್ರೀಯರ ಪ್ರಮಾಣ ಮುಂಚೆ ನೂರಕ್ಕೆ 4.6 ಇದ್ದುದು 11.1ಕ್ಕೆ ಏರಿತ್ತು. ಗಂಡಸರಲ್ಲಿ ಅದು ಎರಡೂ ಕಾಲಗಳಲ್ಲಿ ಒಂದೂವರೆಗಿಂತ ಕೆಳಗೇ ಇತ್ತು. ಅದೇ ದೇಶದ ವಾಯುದಳದ ಮೂವರು ಸ್ತ್ರೀಯರ ಕತೆ ಇನ್ನೂ ಕಣ್ಣು ತೆರೆಸುವಂತಹದು. ಕವಾಯತಿನಲ್ಲಿ ಎತ್ತರದ ಗಂಡಸರ ಜೊತೆಗೆ 30 ಅಂಗುಲದ ಹೆಜ್ಜೆಯನ್ನೇ ಹಾಕಬೇಕೆಂದು ಅವರನ್ನು ನಡೆಸಿದರು. ತಿಂಗಳುಗಟ್ಟಲೆ ಹಾಗೆ ಕಾಲನ್ನು ಎಳೆದೆಳೆದು ಹಾಕಿ ಅವರ ಸೊಂಟದ ಎಲುಬು ಬಿರುಕು ಬಿಟ್ಟಿತು. 2013ರಲ್ಲಿ ಅಲ್ಲಿಯ ಸರಕಾರವು ಒಬ್ಬೊಬ್ಬರಿಗೂ ಸುಮಾರು ಒಂದು ಲಕ್ಷ ಪೌಂಡು ಪರಿಹಾರ ತೆರಬೇಕಾಯಿತು. ಹೆಜ್ಜೆಯನ್ನು ಮೂರು ಅಂಗುಲ ಕಡಮೆ ಮಾಡಿದ್ದರೆ ಯಾವ ಯುದ್ಧವೂ ಸೋಲುತ್ತಿರಲಿಲ್ಲ.

ಇನ್ನು ಎರಡನೆಯ ಅಳತೆ, ಕೊಪ್ಪರಿಗೆಯ ಅಳತೆ. ಅದೇ ಬ್ರಿಟನ್ನು ಪೆಟ್ಟು ತಿಂದು ಪಾಠ ಕಲಿಯಿತು. 2018ರಲ್ಲಿ ಪದಾತಿದಳವೂ ಸೇರಿದಂತೆ ಯುದ್ಧದ ಎಲ್ಲ ಹುದ್ದೆಗಳನ್ನು ಸ್ತ್ರೀಯರಿಗೆ ತೆರೆದಾಗ, ಮರುವರ್ಷದಿಂದ ಪ್ರತಿಯೊಂದು ಹುದ್ದೆಗೂ ಆ ಹುದ್ದೆಯ ಕೆಲಸವನ್ನೇ ಪರೀಕ್ಷೆಯನ್ನಾಗಿ ಇಟ್ಟರು. ಪದಾತಿ ಸೈನಿಕರಾಗುವವರು 40 ಕಿಲೋ ಹೊರೆಯೊಡನೆ 4 ಕಿಲೋಮೀಟರನ್ನು 50 ನಿಮಿಷದಲ್ಲಿ ನಡೆದು, ತರುವಾಯ 25 ಕಿಲೋ ಹೊತ್ತು 2 ಕಿಲೋಮೀಟರನ್ನು 15 ನಿಮಿಷದಲ್ಲಿ ಮುಗಿಸಬೇಕು. 110 ಕಿಲೋ ತೂಕವನ್ನು 20 ಮೀಟರ್ ಎಳೆಯಬೇಕು. ಗಾಯಗೊಂಡು ಬಿದ್ದ ಸೈನಿಕನು ಆಯುಧ ಸರಂಜಾಮುಗಳೊಡನೆ ಅಷ್ಟು ತೂಗುತ್ತಾನೆ. 22 ಕಿಲೋದ ನೀರಿನ ಕ್ಯಾನುಗಳೆರಡನ್ನು ಎರಡೂ ಕೈಗಳಲ್ಲಿ ಹಿಡಿದು 240 ಮೀಟರ್ ಸಾಗಬೇಕು. ನೀರು ಬಾರದ ದಿನ ಕೆಳಗಿನ ನಲ್ಲಿಯಿಂದ ಮೇಲಿನ ಅಡಿಗೆಮನೆಗೆ ನೀರು ಹೊತ್ತ ನಮ್ಮ ಕ್ಲೀನರ್ ಹುಡುಗರಿಗೆ ಈ ಪರೀಕ್ಷೆಯ ಕಷ್ಟವನ್ನು ಬೇರೆ ವಿವರಿಸಬೇಕಾಗಿಲ್ಲ. ಇಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ, ಹರೆಯ ಮುದಿತನಗಳ ಭೇದವೂ ಇಲ್ಲ. ಹವಾಲ್ದಾರನ ವಯಸ್ಸಿನ ರಿಯಾಯಿತಿಯೂ ಇಲ್ಲಿ ಬಿದ್ದುಹೋಯಿತು! ಇದು ನಮಗೆ ನ್ಯಾಯವೆಂದು ತೋರುತ್ತದೆ.

ಇಂತಹ ಪರೀಕ್ಷೆಯಲ್ಲಿ ಗೆಲ್ಲುವ ಸ್ತ್ರೀಯರು ಕೆಲವರೇ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. 2015ರ ಏಪ್ರಿಲಿನಲ್ಲಿ ಅಮೆರಿಕದ ಭೂಸೇನೆಯು ರೇಂಜರ್ ಶಾಲೆಯೆಂಬ ತನ್ನ ಅತಿ ಕಠಿಣವಾದ ತರಬೇತಿಗೆ 381 ಗಂಡಸರೊಡನೆ 19 ಸ್ತ್ರೀಯರನ್ನು ಸೇರಿಸಿ ನೋಡಿತು. ಅಳತೆ ಎಲ್ಲರಿಗೂ ಒಂದೇ. ಆಗಸ್ಟ್ 21ರಂದು ತೇರ್ಗಡೆಯಾಗಿ ಹೊರಬಂದವರು 94 ಗಂಡಸರು, ಇಬ್ಬರು ಸ್ತ್ರೀಯರು: ಕ್ರಿಸ್ಟನ್ ಗ್ರೀಸ್ಟ್ ಮತ್ತು ಶೇ ಹೇವರ್. ಅಕ್ಟೋಬರಿನಲ್ಲಿ ಮೂರನೆಯವರೊಬ್ಬರು ಗೆದ್ದರು. ಇಷ್ಟೇ ಮಂದಿಯೇ ಎಂದು ನಗುವವರು ಕಾಲಿಗೆ ಪೆಟ್ಟಾಗಿ, ನಕಾಶೆ ತಪ್ಪಿ ಮನೆಗೆ ಮರಳಿದ ನೂರಾರು ಗಂಡಸರ ಕಡೆಗೂ ಒಮ್ಮೆ ನೋಡಬೇಕು.

ಅದೇ ಅಮೆರಿಕ ತನ್ನ ಸಾಮಾನ್ಯ ಪರೀಕ್ಷೆಯಲ್ಲಿ ನಮ್ಮ ಅಕ್ಕಿಚೀಲದಂತಹ ತಪ್ಪನ್ನೇ ಮಾಡಿತು. ಸರ್ವರಿಗೂ ಸಮಾನವೆಂದು ರಚಿಸಿದ ಹೊಸ ಪರೀಕ್ಷೆಯಲ್ಲಿ ಕಂಬಿಗೆ ಜೋತುಬಿದ್ದು ಮೊಣಕಾಲನ್ನು ಮೊಣಕೈಗೆ ಮುಟ್ಟಿಸುವ ಒಂದು ಕಸರತ್ತಿತ್ತು. ನಡುವಿನ ಬಲವನ್ನು ಅಳೆಯುವುದಕ್ಕೆಂದು ಇಟ್ಟ ಆ ಕಸರತ್ತು ತೋಳು ಮತ್ತು ಹಿಡಿತದ ಬಲವಿಲ್ಲದವರನ್ನೇ ಮೊದಲು ಕೆಳಗಿಳಿಸುತ್ತಿತ್ತು. ಬಹುಮಂದಿ ಸ್ತ್ರೀಯರು ಅಲ್ಲಿಯೇ ಸೋತರು. 2022ರಲ್ಲಿ ಅದನ್ನು ತೆಗೆದುಹಾಕಿ, ವಯಸ್ಸು ಲಿಂಗಗಳಿಗೆ ತಕ್ಕಂತೆ ಬೇರೆ ಬೇರೆ ಅಂಕಗಳ ಕೋಷ್ಟಕವನ್ನು ಮಾಡಿದರು. ವಿಚಿತ್ರವೆಂದರೆ ಯುದ್ಧದ ಹುದ್ದೆಗಳಿಗೂ ಹೀಗೆ ಬೇರೆ ಅಂಕ ಕೊಡುವುದನ್ನು ಗ್ರೀಸ್ಟ್ ಅವರೇ 2021ರಲ್ಲಿ ಬಹಿರಂಗವಾಗಿ ವಿರೋಧಿಸಿದ್ದರು. ತಮ್ಮಂತೆ ಗೆದ್ದು ಬಂದ ಸ್ತ್ರೀಯರ ಮೇಲೂ ಸಂಶಯ ಬೀಳುತ್ತದೆಂಬುದು ಅವರ ವಾದ. 2025ರ ಜೂನಿನಿಂದ ಅಲ್ಲಿ ಪರೀಕ್ಷೆ ಮತ್ತೆ ಬದಲಾಯಿತು: ಯುದ್ಧದ ಹುದ್ದೆಗಳಿಗೆ ಗಂಡು ಹೆಣ್ಣಿಗೊಂದೇ ಅಳತೆ, ಉಳಿದ ಹುದ್ದೆಗಳಿಗೆ ಮುಂಚಿನಂತೆ ಬೇರೆ. ಕಸರತ್ತಿನ ಅಂಕಗಳಲ್ಲಿ ಒಂದೇ ಅಳತೆ ಇಟ್ಟ ಮಾತ್ರಕ್ಕೆ ಅದು ಕೆಲಸದ ಅಳತೆಯಾಯಿತೆಂದು ನಾವು ಒಪ್ಪಲಾರೆವು. ನೀರಿನ ಕ್ಯಾನನ್ನು ಹೊರಿಸಿ ನೋಡುವ ಬ್ರಿಟನ್ನಿನ ರೀತಿಯೇ ಮೇಲು.

ಇಲ್ಲಿ ನಮ್ಮವರು ಒನಕೆ ಓಬವ್ವನನ್ನು ಸ್ಮರಿಸದೆ ಬಿಡುವುದಿಲ್ಲ. ನಮ್ಮ ಮಿತ್ರರ ಹೋಟೆಲಿನಲ್ಲಿಯೂ ಆ ಮಾತು ಬಂದಿತಂತೆ. ಚಿತ್ರದುರ್ಗದ ಆ ಕಿಂಡಿಯ ಬಾಯಲ್ಲಿ, ಆ ಒನಕೆಗೆ, ಆ ಗಳಿಗೆಯ ಕೆಲಸಕ್ಕೆ ಬೇಕಾದಷ್ಟು ಬಲ ಆ ತಾಯಿಯ ತೋಳಿನಲ್ಲಿತ್ತು. ಹೈದರನ ದಂಡಿನೊಡನೆ ಐವತ್ತು ಮೈಲು ಹೊರೆ ಹೊತ್ತು ನಡೆಯಬಲ್ಲಳೇ ಎಂದು ಅವಳನ್ನು ಯಾರಾದರೂ ಮೊದಲು ಪರೀಕ್ಷಿಸಿದ್ದರೆ ದುರ್ಗದ ಗತಿಯೇನಾಗುತ್ತಿತ್ತೋ! ಅದಿರಲಿ.

ಕೆಲಸದಿಂದ ಹುಟ್ಟಿದ ಅಳತೆಯು ಎಷ್ಟು ನಿಷ್ಠುರವಾದುದೆಂಬುದಕ್ಕೆ ವಾಯುದಳವನ್ನು ನೋಡಬೇಕು. 2016ರ ಜೂನ್ 18ರಂದು ಹೈದರಾಬಾದಿನ ಹತ್ತಿರದ ದುಂಡಿಗಲ್ಲಿನಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಎಂಬ ಮೂವರು ಯುದ್ಧವಿಮಾನಗಳ ಶಾಖೆಗೆ ನೇಮಕಗೊಂಡ ಮೊದಲ ಭಾರತೀಯ ಸ್ತ್ರೀಯರಾದರು. ತರುವಾಯ ಅವರು ಹಾಕ್ ವಿಮಾನಗಳ ಮೇಲೆ ಪಳಗಿದುದು ನಮ್ಮ ಬೀದರಿನಲ್ಲಿ. ವಿಮಾನ ಚಾಲಕರಾಗುವವರಿಗೆ ಎತ್ತರ 162.5 ಸೆಂಟಿಮೀಟರ್ ಇರಲೇಬೇಕು. ಕಾಲಿನ ಉದ್ದ 99ರಿಂದ 120 ಸೆಂಟಿಮೀಟರಿನೊಳಗಿರಬೇಕು. ತೊಡೆಯ ಉದ್ದ 64 ಸೆಂಟಿಮೀಟರನ್ನು ಮೀರಕೂಡದು. ಗಂಡಾಗಲಿ ಹೆಣ್ಣಾಗಲಿ ಇದು ಒಂದೇ. ಚಾಲಕನ ಪೀಠವನ್ನೂ ಪೆಡಲುಗಳನ್ನೂ ಕಾರ್ಖಾನೆಯಲ್ಲಿ ಒಂದು ಸಾರಿ ಕೂಡಿಸಿ ಆಗಿದೆ. ಕಾಲು ನಿಲುಕದಿದ್ದರೆ ವಿಮಾನ ನಡೆಯದು. ಕಾಲು ಉದ್ದವಾದರೆ ಆಪತ್ತಿನಲ್ಲಿ ಹೊರಗೆ ಚಿಮ್ಮುವಾಗ ಮೊಣಕಾಲು ಮುರಿದೀತು.

ಭೂಸೇನೆಯಲ್ಲಿ 2023ರ ಏಪ್ರಿಲಿನಲ್ಲಿ ಐವರು ಸ್ತ್ರೀ ಅಧಿಕಾರಿಗಳು ಫಿರಂಗಿದಳವನ್ನು ಸೇರಿದರು. ಪದಾತಿದಳದ, ಟ್ಯಾಂಕುದಳದ ಬಾಗಿಲುಗಳು ಆಗಲೂ ತೆರೆಯಲಿಲ್ಲ. ಅಳೆದು ನೋಡಿ ಬೇಡವೆಂದರೆ ಒಂದು ಮಾತು. ಅಳತೆಯ ಕೋಲನ್ನೇ ಹಿಡಿಯದೆ ಬೇಡವೆನ್ನುವುದನ್ನು ನಾವು ಅನುಮೋದಿಸಲಾರೆವು.

ಕೋಲು ಸರಿಯಾಗಿದ್ದು ಹಿಡಿಯುವ ರೀತಿ ತಪ್ಪಾಗುವುದೂ ಉಂಟು. ಅದಕ್ಕೆ ಸಾಕ್ಷಿ ಲೆಫ್ಟಿನೆಂಟ್ ಕರ್ನಲ್ ನಿತೀಶಾ ಅವರ ಮೊಕದ್ದಮೆ. 2020ರ ಫೆಬ್ರವರಿ 17ರಂದು ಸರ್ವೋಚ್ಚ ನ್ಯಾಯಾಲಯವು ಸ್ತ್ರೀ ಅಧಿಕಾರಿಗಳಿಗೂ ಖಾಯಂ ನೇಮಕಕ್ಕೆ ಹಕ್ಕಿದೆಯೆಂದಿತು. ಸೈನ್ಯವು ಅವರನ್ನು ಪರಿಶೀಲಿಸುವಾಗ ‘ಶೇಪ್ ಒಂದು’ ಎಂಬ ದೇಹಸ್ಥಿತಿಯ ದರ್ಜೆಯನ್ನು ಕೇಳಿತು. ಮನಸ್ಸು, ಕಿವಿ, ಕೈಕಾಲು, ದೇಹಶಕ್ತಿ, ಕಣ್ಣು ಎಂಬ ಐದರಲ್ಲಿಯೂ ನಿರ್ದೋಷವಾಗಿರುವುದೇ ಆ ದರ್ಜೆ. ಗಂಡಸರಿಗೂ ಅದೇ ನಿಯಮ, ಸರಿ. ಆದರೆ ಗಂಡಸರನ್ನು ಅಳೆದದ್ದು ನೌಕರಿಯ ಐದನೆಯ ಅಥವಾ ಹತ್ತನೆಯ ವರ್ಷದಲ್ಲಿ, ಅಂದರೆ ಮೂವತ್ತರ ಆಸುಪಾಸಿನಲ್ಲಿ. ಈ ಸ್ತ್ರೀಯರನ್ನು ಅಳೆಯಹೊರಟಿದ್ದು ನಲುವತ್ತು, ನಲುವತ್ತೈದು ಕಳೆದ ಮೇಲೆ. ಅಷ್ಟು ವರ್ಷ ಅವಕಾಶವನ್ನೇ ಕೊಡದೆ ಕಾಯಿಸಿ, ಮುಪ್ಪಡರುವ ಹೊತ್ತಿಗೆ ಯೌವನದ ದೇಹವನ್ನು ತೋರಿಸೆನ್ನುವ ಕ್ರಮವಿದು! ಅದೇ ವಯಸ್ಸಿನ ಗಂಡಸರಲ್ಲಿ ಆ ದರ್ಜೆಯಿಂದ ಕೆಳಗಿಳಿದವರು ಖಾಯಮಾಗಿ ನೌಕರಿಯಲ್ಲಿಯೇ ಇದ್ದರು. ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡರ ಪೀಠವು 2021ರ ಮಾರ್ಚ್ 25ರಂದು ಇದು ಪರೋಕ್ಷವಾದ ತಾರತಮ್ಯವೆಂದು ತೀರ್ಮಾನಿಸಿ, ಸ್ತ್ರೀಯರ ದೇಹಸ್ಥಿತಿಯನ್ನೂ ಅವರ ಐದನೆಯ ಅಥವಾ ಹತ್ತನೆಯ ವರ್ಷದ ದಾಖಲೆಯಿಂದಲೇ ನೋಡಬೇಕೆಂದು ವಿಧಿಸಿತು. ಎಲ್ಲರಿಗೂ ಒಂದೇ ನಿಯಮವೆಂದು ಯಾರಾದರೂ ಘೋಷಿಸಿದಾಗ, ಎಂದು ಅಳೆದಿರಿ ಎಂದೂ ಒಂದು ಪ್ರಶ್ನೆ ಹಾಕುವುದು ಒಳ್ಳೆಯದು.

ಇಷ್ಟನ್ನೂ ನಾವು ಒಂದು ವಾರದ ತರುವಾಯ ಆ ತಂದೆ ಮಗಳ ಮುಂದೆ ಹೇಳಿದೆವು. ತಂದೆಯವರು ಕೊಪ್ಪರಿಗೆಯ ಮಾತು ಬಂದಾಗ ತಲೆದೂಗಿದರು. ಭಟ್ಟರ ಕಾಲಿಗೆ ಎಣ್ಣೆ ಹಚ್ಚಿದವರು ಅವರೇ. ಹುಡುಗಿಯು ಕೇಳಿದ್ದು ಒಂದೇ ಪ್ರಶ್ನೆ. ಅವಳಿಗೆ ಬೇಕಾದದ್ದು ವಿಮಾನ. ಬೀದರಿನ ಹೆಸರು ಬಂದಾಗಲೇ ಅವಳ ಬೆನ್ನು ನೆಟ್ಟಗಾಗಿದ್ದಿತು.

“ನಾನು ಎಷ್ಟು ಎತ್ತರ ಇದ್ದೇನೋ ನೋಡಬೇಕು, ಮಾಮ,” ಎಂದಳು.

ಕಾರ್ಯಾಲಯದ ಗೋಡೆಗೆ ಬೆನ್ನೊತ್ತಿ ನಿಲ್ಲಿಸಿ, ತಲೆಯ ಮೇಲೆ ಲೆಕ್ಕದ ಪುಸ್ತಕವನ್ನಿಟ್ಟು, ಪೆನ್ಸಿಲಿನಿಂದ ಗೆರೆ ಎಳೆದು, ಟೇಪು ಹಿಡಿದೆವು. 158 ಸೆಂಟಿಮೀಟರ್. ತಂದೆಯವರು ಚಪ್ಪಲಿ ಹಾಕಿಸಿ ಇನ್ನೊಮ್ಮೆ ನೋಡೋಣವೇ ಎಂದರು. ಮಗಳು ನಕ್ಕು ಬೇಡವೆಂದಳು. ಎರಡನೆಯ ಸಲವೂ ಬರಿಗಾಲಿನಲ್ಲಿಯೇ ನಿಂತಳು, ಅದೇ 158. ಹದಿನೆಂಟು ತುಂಬದವರಿಗೆ ಬೆಳೆಯುವ ಭರವಸೆಯ ಮೇಲೆ ಎರಡು ಸೆಂಟಿಮೀಟರ್ ಬಿಡುವುದುಂಟು. ಅದನ್ನು ಕೂಡಿಸಿದರೂ ಪೀಠ ನಿಲುಕುವುದಿಲ್ಲ. ಅಕಾಡೆಮಿಯ ಮೂಲಕ ಭೂಸೇನೆಗೆ ಹೋಗುವ ಹುಡುಗರಿಗೆ 157, ಹುಡುಗಿಯರಿಗೆ 152 ಸೆಂಟಿಮೀಟರ್ ಸಾಕು. ಅಂದರೆ ಹುಡುಗರ ಅಳತೆಯಿಂದಲೇ ಅವಳು ಭೂಸೇನೆಗೆ ಸಲ್ಲುತ್ತಾಳೆ, ಯಾವ ರಿಯಾಯಿತಿಯೂ ಬೇಕಾಗಿಲ್ಲ. ವಿಮಾನಕ್ಕೆ ಮಾತ್ರ ಸಲ್ಲುವುದಿಲ್ಲ.

ಅವಳು ಸ್ವಲ್ಪ ಹೊತ್ತು ಆ ಪೆನ್ಸಿಲ್ ಗೆರೆಯನ್ನೇ ನೋಡುತ್ತ ನಿಂತಳು. ಕಣ್ಣು ಒದ್ದೆಯಾಗಿತ್ತೆಂಬುದನ್ನು ನಾವು ಕಂಡೂ ಕಾಣದವರಂತೆ ಮೇಜಿನ ಕಾಗದಗಳನ್ನು ಸರಿಪಡಿಸಿದೆವು. ಆಮೇಲೆ ಅಕಾಡೆಮಿಯ ಪ್ರಕಟಣೆಯಲ್ಲಿ ಅಭ್ಯರ್ಥಿಗಳಿಗೆ ಕೊಡುತ್ತ ಬಂದಿರುವ ಸಲಹೆಯನ್ನು ಬರೆದುಕೊಂಡಳು: 15 ನಿಮಿಷದಲ್ಲಿ 2.4 ಕಿಲೋಮೀಟರ್ ಓಟ, ದಂಡೆ 20, ಕಂಬಿಗೆ ಗಲ್ಲ ಮುಟ್ಟಿಸುವುದು 8 ಸಲ, ಹಗ್ಗ ಹತ್ತುವುದು 3ರಿಂದ 4 ಮೀಟರ್. ಹುಡುಗರಿಗೆ ಬರೆದದ್ದನ್ನೇ ತಾನೂ ಮಾಡುವೆನೆಂದಳು.

ಈಗ ಬೆಳಗಿನ ಐದು ಗಂಟೆಗೆ ತಳಜಾಯಿಯ ಗುಡ್ಡದ ಮೇಲೆ ತಂದೆ ಮಗಳಿಬ್ಬರೂ ಕಾಣಸಿಗುತ್ತಾರೆಂದು ನಮ್ಮ ವಾಚಕರೊಬ್ಬರು ತಿಳಿಸಿದ್ದಾರೆ. ಆರೂವರೆಗೆ ತಂದೆಯವರು ಗಲ್ಲೆಯಲ್ಲಿರಬೇಕು. ಹಗ್ಗ ಕಟ್ಟುವುದಕ್ಕೆ ಒಳ್ಳೆಯ ಮರವೊಂದು ಬೇಕಾಗಿದೆಯಂತೆ.